ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ: ಆಮಿಶ್, ಮೆನೊನೈಟ್, ಹಟರೈಟ್ ಮನೆಗಳ ಊಟ

ಕಳೆದ ಸಂಚಿಕೆಯಲ್ಲಿ ಕಡಕ್ ರೊಟ್ಟಿಯನ್ನು ತಿಂಗಳುಗಟ್ಟಲೆ ಗರಿಗರಿಯಾಗಿ ಇಡುವ ಬಗೆಯನ್ನು ಬರೆಯುವಾಗ, ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರು ಹೀಗೆಯೇ ಒಣಗಿಸಿದ ಬನ್ನುಗಳನ್ನು ಚೀಲಕ್ಕೆ ತುಂಬಿಕೊಂಡು ಸಮುದ್ರ ದಾಟಿದರೆಂದು ಒಂದು ಸಾಲನ್ನು ಸೇರಿಸಿದ್ದೆ. ರೊಟ್ಟಿಯ ಬಗ್ಗೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿನ ಬಗ್ಗೆ ಬಂದ ಪತ್ರಗಳೇ ಹೆಚ್ಚು. ಕಲಬುರಗಿ, ಬೀದರ, ಯಾದಗಿರಿಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಕೆನಡಾಗಳಲ್ಲಿ ಇರುವ ಕಾಲವಿದು. ಅವರ ನೆರೆಮನೆಯ ಊಟ ಈಗ ನಮ್ಮ ಕುತೂಹಲಕ್ಕೂ ಬಂದಿದೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋದಾಗ, ಕುದುರೆಗಾಡಿಯಲ್ಲಿ ಓಡಾಡುವ ಆಮಿಶ್ ಜನರ ಸಂತೆಯಲ್ಲಿ ಬ್ರೆಡ್ಡು, ಉಪ್ಪಿನಕಾಯಿ ಕೊಂಡೆವು. ತಾವು ಬರೆದ ಮೆನೊನೈಟರೂ ಇವರೂ ಒಂದೇ ಏನು? ಇವರ ಧರ್ಮದಲ್ಲಿ ಇಂಥದ್ದನ್ನು ತಿನ್ನಬೇಕು, ಇಂಥದ್ದನ್ನು ತಿನ್ನಬಾರದು ಎಂಬ ಕಟ್ಟಳೆ ಇದೆಯೇ?
— ಸೇಡಂನ ಓದುಗರು

ಉತ್ತರ: ಒಂದೇ ಬೇರಿನವರು, ಬೇರೆ ಬೇರೆ ಕೊಂಬೆಯವರು. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು ಸೇರಿ, ಕೂಸಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ತಿಳಿವಳಿಕೆ ಬಂದ ಮೇಲೆ ತಾನಾಗಿ ಬಯಸಿ ಪಡೆಯುವುದೇ ನಿಜವಾದ ದೀಕ್ಷೆ ಎಂದು ಹೇಳಿ, ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷೆ ಕೊಟ್ಟುಕೊಂಡರು. ಎದುರಾಳಿಗಳು ಇವರನ್ನು ಅನಾಬ್ಯಾಪ್ಟಿಸ್ಟರು, ಅಂದರೆ ಮರುದೀಕ್ಷೆಯವರು ಎಂದು ಕರೆದರು, ಹೆಸರು ಅಂಟಿಕೊಂಡಿತು. ಆಯುಧ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ ಎನ್ನುವ ಇವರನ್ನು ಅಂದಿನ ಸರ್ಕಾರಗಳೂ ಚರ್ಚುಗಳೂ ಸಹಿಸಲಿಲ್ಲ. ಮೊದಲಿಗರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಅದೇ ಜ್ಯೂರಿಕ್‌ನ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ಡಚ್ ಪಾದ್ರಿಯಾಗಿದ್ದ ಮೆನೊ ಸೈಮನ್ಸ್ 1536ರಲ್ಲಿ ಇವರ ಕಡೆ ಬಂದ ಮೇಲೆ ಆತನ ಹಿಂದೆ ಹೋದವರು ಮೆನೊನೈಟರಾದರು. ಆಸ್ತಿಯನ್ನೆಲ್ಲ ಸಮುದಾಯಕ್ಕೆ ಸೇರಿಸಿ ಬಾಳಿದವರಿಗೆ ಯಾಕೋಬ್ ಹುಟರ್‌ನಿಂದ ಹಟರೈಟ್ ಎಂಬ ಹೆಸರು ಬಂತು. 1693ರಲ್ಲಿ ಶಿಸ್ತಿನ ಪ್ರಶ್ನೆಗೆ ಯಾಕೋಬ್ ಆಮನ್‌ನ ಜೊತೆ ಒಡೆದು ಹೋದವರು ಆಮಿಶ್ ಆದರು. ತಾವು ಸಂತೆಯಲ್ಲಿ ಕಂಡ ಆಮಿಶರು ಇಂದು ಉತ್ತರ ಅಮೆರಿಕದಲ್ಲಿ ಸುಮಾರು 4 ಲಕ್ಷ ಜನರಿದ್ದಾರೆ.

ಇನ್ನು ಕಟ್ಟಳೆಯ ಮಾತು. ಮಡಿ, ಮೈಲಿಗೆ, ಹಲಾಲ್, ವರ್ಜ್ಯ ಎಂಬಂಥ ಯಾವ ಆಹಾರ ನಿಯಮವೂ ಇವರಲ್ಲಿಲ್ಲ. ಹಂದಿ, ದನ, ಕೋಳಿ, ಮೊಟ್ಟೆ, ಹಾಲು ಎಲ್ಲವೂ ನಡೆಯುತ್ತವೆ. ನನ್ನ ಓದಿನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಅನಾಬ್ಯಾಪ್ಟಿಸ್ಟ್ ಅಡುಗೆ ಎಂಬ ಒಂದು ಅಡುಗೆಯೇ ಇಲ್ಲ. ಓಡಿಹೋದ ಕಡೆಯಲ್ಲೆಲ್ಲ ನೆರೆಯವರ ಒಲೆಯಿಂದ ಕಲಿತದ್ದನ್ನು ಇವರು ಕಟ್ಟಿಕೊಂಡು ಮುಂದಿನ ಊರಿಗೆ ಹೊರಟರು, ಅಷ್ಟೆ. ಸ್ವಿಸ್, ದಕ್ಷಿಣ ಜರ್ಮನಿಯ ಕಡೆಯಿಂದ ಪೆನ್ಸಿಲ್ವೇನಿಯಾಕ್ಕೆ ಹೋದವರ ಪಾತ್ರೆಯಲ್ಲಿ ಸೇಬು, ಹಂದಿ, ದಪ್ಪ ನೂಡಲ್ಸು, ಕಾಕಂಬಿಯ ಕಡುಬು ಇವೆ. ನೆದರ್‌ಲೆಂಡ್ಸಿನಿಂದ ಪೋಲೆಂಡಿನ ವಿಸ್ಟುಲಾ ನದಿಯ ಮುಖಜ ಭೂಮಿಗೆ, ಅಲ್ಲಿಂದ 1789ರ ಹೊತ್ತಿಗೆ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಇಂದಿನ ಉಕ್ರೇನಿಗೆ, ಅಲ್ಲಿಂದ 1874ರ ನಂತರ ಕೆನಡಾ, ಕ್ಯಾನ್ಸಸ್‌ಗಳಿಗೆ ಹೋದವರ ಪಾತ್ರೆಯಲ್ಲಿ ಬೋರ್ಷ್ಟ್ ಎಂಬ ಸಾರು, ಹುಳಿಕೆನೆ, ಮೃದು ಪನೀರು ತುಂಬಿದ ವೆರೆನಿಕಿ ಎಂಬ ಕಡುಬು ಇವೆ. ಈ ಎರಡನೆಯ ಗುಂಪಿನ ಅಡುಗೆಯಲ್ಲಿ ಅರ್ಧಕ್ಕರ್ಧ ಉಕ್ರೇನಿನ ರೈತ ಹೆಂಗಸರ ಕೈಗುಣವೇ ಇದೆ. ಧರ್ಮದ ಗುರುತು ಇರುವುದು ಏನು ಬೇಯಿಸಿದರು ಎಂಬುದರಲ್ಲಿ ಅಲ್ಲ. ಯಾವ ದಿನ ಬೇಯಿಸಲಿಲ್ಲ, ಯಾರ ಜೊತೆ ಕುಳಿತರು, ಯಾರ ಜೊತೆ ಕುಳಿತುಕೊಳ್ಳಲಿಲ್ಲ ಎಂಬುದರಲ್ಲಿ. ಮುಂದಿನ ಕೆಲವು ಪತ್ರಗಳಲ್ಲಿ ಆ ಮಾತು ಬರುತ್ತದೆ.

ಪ್ರಶ್ನೆ: ಮಗನ ಸಂಸಾರ ಕೆನಡಾದ ವಿನ್ನಿಪೆಗ್‌ನಲ್ಲಿದೆ. ಪಕ್ಕದ ಮನೆಯ ಮೆನೊನೈಟ್ ಅಜ್ಜಿ ಶನಿವಾರ ಒಂದರ ಮೇಲೊಂದು ಕೂತ ಎರಡು ಅಂತಸ್ತಿನ ಬನ್ನು ಕೊಟ್ಟು ಕಳಿಸುತ್ತಾರಂತೆ. ಸೊಸೆ ಅದರ ಫೋಟೊ ಕಳಿಸಿದ್ದಾಳೆ. ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ಆ ಬನ್ನನ್ನು ನಾವೂ ಮಾಡಬಹುದೇ? ಎರಡು ಅಂತಸ್ತು ಏಕೆ?
— ಭಾಲ್ಕಿಯ ಓದುಗರು

ಉತ್ತರ: ಮಾಡಬಹುದು, ತಾಯಿ. ಅದರ ಹೆಸರು ತ್ಸ್ವೀಬಾಕ್. ಮೆನೊನೈಟರ ಮನೆಮಾತಾದ ಪ್ಲಾಟ್‌ಡೀಚ್‌ನಲ್ಲಿ ಟ್ವೀಬಾಕ್. ಎರಡು ಸಲ ಬೇಯಿಸಿದ್ದು ಎಂದು ಅರ್ಥ. ಸಾಮಾನ್ಯವಾಗಿ ಅದಕ್ಕೆ ಮೊಟ್ಟೆ ಬೇಕಾಗಿಲ್ಲ. ಹಾಲು, ಬೆಣ್ಣೆ, ಮೈದಾ, ಯೀಸ್ಟು ಇದ್ದರಾಯಿತು. ಅಂಗಡಿಯಲ್ಲಿ ಕೂಸುಗಳಿಗೆಂದು ಮಾರುವ ಗಟ್ಟಿ ರಸ್ಕಿಗೂ ಇದೇ ಹೆಸರಿದೆ, ಆದರೆ ವಿನ್ನಿಪೆಗ್‌ನ ಅಜ್ಜಿ ಕೊಟ್ಟದ್ದು ಮೆತ್ತನೆಯದು.

ಕಾಲು ಲೀಟರ್ ಹಾಲನ್ನು ಕಾಯಿಸಿ ಉಗುರುಬೆಚ್ಚಗಾಗಲು ಬಿಟ್ಟು, ಅದರಲ್ಲಿ ಎರಡು ದೊಡ್ಡ ಚಮಚ ಸಕ್ಕರೆಯನ್ನೂ ಒಂದೂವರೆ ಸಣ್ಣ ಚಮಚ ಒಣ ಯೀಸ್ಟನ್ನೂ ಕಲಸಿ ಹತ್ತು ನಿಮಿಷ ನೊರೆ ಬರಲು ಇಡಬೇಕು. ಸುಮಾರು 420 ಗ್ರಾಂ ಮೈದಾಕ್ಕೆ ಒಂದು ಸಣ್ಣ ಚಮಚ ಉಪ್ಪು, 115 ಗ್ರಾಂ ಮೆತ್ತಗಿನ ಬೆಣ್ಣೆ ಸೇರಿಸಿ, ಆ ಹಾಲಿನಲ್ಲಿ ಕಲಸಿ, ಹಿಟ್ಟು ಕೈಬಿಟ್ಟು ನುಣುಪಾಗುವ ತನಕ ಹತ್ತು ನಿಮಿಷವಾದರೂ ನಾದಬೇಕು. ಹೋಳಿಗೆಯ ಕಣಕ ನಾದಿದ ಕೈಗೆ ಇದು ಕಷ್ಟವಲ್ಲ. ಹಿಟ್ಟು ಎರಡರಷ್ಟು ಉಬ್ಬಿದ ಮೇಲೆ ದೊಡ್ಡ ನಿಂಬೆ ಗಾತ್ರದ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು, ಅದಕ್ಕಿಂತ ಸಣ್ಣ ಉಂಡೆಯೊಂದನ್ನು ಪ್ರತಿಯೊಂದರ ಮೇಲೂ ಕೂರಿಸಿ, ಬೆರಳ ಗಿಣ್ಣಿನಿಂದ ನೇರವಾಗಿ ತಳದ ತಟ್ಟೆ ಮುಟ್ಟುವಷ್ಟು ಒತ್ತಬೇಕು. ಈ ಒತ್ತುವುದೇ ಎಲ್ಲ. ನಾನು ಮೊದಲ ಸಲ ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಇದನ್ನು ಮಾಡಲು ಹೋಗಿ, ಹಿಟ್ಟು ಗಂಟೆಯ ಬದಲು ಇಪ್ಪತ್ತೈದು ನಿಮಿಷಕ್ಕೇ ಉಕ್ಕಿ ಬಂದುದರಿಂದ ಗಡಿಬಿಡಿಯಲ್ಲಿ ಮೆಲ್ಲಗೆ ಒತ್ತಿ ಬಿಟ್ಟೆ. ಒಲೆಯಿಂದ ತೆಗೆದಾಗ ಹದಿನಾರು ಬನ್ನುಗಳಲ್ಲಿ ಹನ್ನೊಂದರ ತಲೆ ಪಕ್ಕಕ್ಕೆ ಜಾರಿ, ಪಗಡಿ ಸರಿದ ಮುದುಕರಂತೆ ಕೂತಿದ್ದವು. ರುಚಿಗೆ ಮೋಸವಾಗಲಿಲ್ಲ, ಮಾನಕ್ಕೆ ಆಯಿತು. ಒತ್ತಿದ ಮೇಲೆ ಇನ್ನೊಂದು ಅರ್ಧ ಗಂಟೆ ಉಬ್ಬಲು ಬಿಟ್ಟು, 200 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ ಬೇಯಿಸಿದರೆ ಮೇಲೆ ಹೊನ್ನಿನ ಬಣ್ಣ ಬರುತ್ತದೆ.

ಎರಡು ಅಂತಸ್ತು ಏಕೆ ಎಂಬುದಕ್ಕೆ ಹಲವರು ಹಲವು ಕಥೆ ಕಟ್ಟಿ ಹೇಳುತ್ತಾರೆ. ನನಗೆ ಒಪ್ಪಿತವಾದ ಕಾರಣ ತಿನ್ನುವಾಗಲೇ ತಿಳಿಯುತ್ತದೆ. ಮೇಲಿನದನ್ನು ಕಿತ್ತರೆ ಚಾಕು ಬೇಕಿಲ್ಲದೆ ಎರಡು ತುಂಡಾಗುತ್ತದೆ, ಕಿತ್ತ ಕಡೆ ಜಾಮು ಹಚ್ಚಲು ಒಳ್ಳೆಯ ಗುಳಿ ಸಿಗುತ್ತದೆ. ಶನಿವಾರವೇ ಏಕೆ ಎಂಬುದಕ್ಕೆ ಮಾತ್ರ ಸ್ಪಷ್ಟ ಕಾರಣವಿದೆ. ಭಾನುವಾರ ಒಲೆಯ ಕೆಲಸ ಆದಷ್ಟು ಕಡಿಮೆ ಇರಬೇಕು, ಆದರೆ ಆ ದಿನವೇ ನೆಂಟರು ಕರೆಯದೆ ಬರುತ್ತಾರೆ. ಮಧ್ಯಾಹ್ನ ಮೂರು, ನಾಲ್ಕು ಗಂಟೆಗೆ ಫಾಸ್ಪಾ ಎಂಬ ಲಘು ಊಟ: ಕಾಫಿ, ಈ ಬನ್ನು, ಚೀಸು, ಜಾಮು, ತಣ್ಣನೆಯ ಮಾಂಸದ ಹೋಳು. ಎಷ್ಟು ಜನ ಬಂದರೂ ಹೊಸದಾಗಿ ಏನನ್ನೂ ಬೇಯಿಸಬೇಕಾಗಿಲ್ಲ.

ಉಳಿದ ಬನ್ನನ್ನು ಬಿಡಿಸಿ, 100 ಡಿಗ್ರಿಯ ಸಣ್ಣ ಉರಿಯಲ್ಲಿ ಒಳಗಿನ ತೇವವೆಲ್ಲ ಆರುವ ತನಕ ಎರಡು, ಮೂರು ಗಂಟೆ ಒಣಗಿಸಿದರೆ, ಹೆಸರಿಗೆ ತಕ್ಕ ಎರಡನೆಯ ಬೇಯಿಸುವಿಕೆ ಆಗುತ್ತದೆ. ರಷ್ಯಾ ಬಿಟ್ಟು ಹೊರಟ ಕುಟುಂಬಗಳು ವಾರಗಟ್ಟಲೆ ರೈಲು, ಹಡಗಿನ ಪ್ರಯಾಣಕ್ಕೆ ಇಂಥದ್ದನ್ನೇ ಚೀಲಗಳಲ್ಲಿ ತುಂಬಿಕೊಂಡು ಹೋದವು. ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು. ನಮ್ಮಲ್ಲಿ ಜಾತ್ರೆಗೆ ಎಂಟು ದಿನ ಮೊದಲೇ ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿದು ಬುಟ್ಟಿಗೆ ಪೇರಿಸುವಾಗ ನಡೆಯುವುದೂ ಇದೇ ಲೆಕ್ಕ. ನೀರು ಹೋದರೆ ಕೆಡುಕು ಹೋಗುತ್ತದೆ ಎಂಬುದನ್ನು ಜೋಳದವರೂ ಗೋಧಿಯವರೂ ಬೇರೆ ಬೇರೆಯಾಗಿ ಕಂಡುಕೊಂಡಿದ್ದಾರೆ.

ಪ್ರಶ್ನೆ: ನನ್ನ ತಮ್ಮ ಕೆನಡಾದ ಆಲ್ಬರ್ಟಾದಲ್ಲಿ ಲಾರಿ ಓಡಿಸುತ್ತಾನೆ. ಹಟರೈಟ್ ಕಾಲೊನಿಯೊಂದರಲ್ಲಿ ಅವನಿಗೆ ಊಟ ಹಾಕಿದರಂತೆ. ನೂರಾರು ಜನರ ಊರಿಗೆಲ್ಲ ಒಂದೇ ಅಡುಗೆಮನೆ ಎಂದು ಹೇಳಿದ. ಇದು ನಮ್ಮ ಶರಣರ ದಾಸೋಹದಂತೆಯೇ ಅಲ್ಲವೇ?
— ಬಸವಕಲ್ಯಾಣದ ಓದುಗರು

ಉತ್ತರ: ಬಸವಕಲ್ಯಾಣದಿಂದ ಬಂದ ಪತ್ರದಲ್ಲಿ ಈ ಪ್ರಶ್ನೆ ಇರದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು. ಹೋಲಿಕೆ ಇದೆ, ಆದರೆ ಪೂರ್ತಿಯಾಗಿ ಇಲ್ಲ.

1528ರಲ್ಲಿ, ಇಂದಿನ ಚೆಕ್ ದೇಶದ ಭಾಗವಾದ ಮೊರಾವಿಯಾದ ನಿಕೋಲ್ಸ್‌ಬುರ್ಗ್ ಊರನ್ನು ಬಿಟ್ಟು ಹೊರಟ ಒಂದು ಗುಂಪು ದಾರಿಯಲ್ಲಿ ನೆಲದ ಮೇಲೆ ಒಂದು ಮೇಲಂಗಿಯನ್ನು ಹಾಸಿತು. ಪ್ರತಿಯೊಬ್ಬರೂ ತಮ್ಮ ಬಳಿ ಇದ್ದುದನ್ನೆಲ್ಲ ಅದರ ಮೇಲೆ ಇಟ್ಟರು. ಹಟರೈಟರ ಸಮಾನ ಆಸ್ತಿಯ ಬಾಳು ಅಲ್ಲಿಂದ ಶುರುವಾಯಿತು. 1874ರಿಂದ ಅಮೆರಿಕದ ಡಕೋಟಾಕ್ಕೆ, ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೆ ಸೇರಲು ಒಪ್ಪದ ತಮ್ಮ ಹುಡುಗರಿಗೆ ಜೈಲಾದ ಮೇಲೆ, 1918ರಿಂದ ಕೆನಡಾಕ್ಕೆ ಹೋದರು. ಇಂದಿಗೂ ಕಾಲೊನಿಯ ಜಮೀನು, ದನ, ಟ್ರ್ಯಾಕ್ಟರು, ಹಣ ಎಲ್ಲವೂ ಎಲ್ಲರದು. ಆಮಿಶರ ಹಾಗಲ್ಲ, ಇವರು ಯಂತ್ರಕ್ಕೆ ಹೆದರುವವರಲ್ಲ. ಇವರ ಅಡುಗೆಮನೆಯಲ್ಲಿ ನಮ್ಮ ದೊಡ್ಡ ಹೋಟೆಲುಗಳಲ್ಲಿ ಇರುವಂಥ ಉಕ್ಕಿನ ಕೊಪ್ಪರಿಗೆ, ಹಿಟ್ಟು ನಾದುವ ಯಂತ್ರ, ನಡೆದು ಹೋಗುವಷ್ಟು ದೊಡ್ಡ ಶೀತಲ ಕೋಣೆ ಇರುತ್ತವೆ. ಒಬ್ಬ ಹೆಂಗಸು ಮುಖ್ಯ ಅಡುಗೆಯವಳು, ಉಳಿದವರಿಗೆ ವಾರದ ಸರದಿ. ಗಂಟೆ ಬಾರಿಸಿದ ಕೂಡಲೆ ಎಲ್ಲರೂ ಊಟದ ಮನೆಗೆ ಬರುತ್ತಾರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ವಯಸ್ಸಿನ ಸಾಲಿನಲ್ಲಿ. ಶಾಲೆಯ ವಯಸ್ಸಿನ ಮಕ್ಕಳಿಗೆ ಬೇರೆ ಕೋಣೆ, ಅಲ್ಲಿ ಅವರನ್ನು ನೋಡಿಕೊಳ್ಳುವವರು ಬೇರೆ. ಪ್ರಾರ್ಥನೆ, ಊಟ, ಮತ್ತೆ ಪ್ರಾರ್ಥನೆ. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಹರಟೆಗೆ ಅಲ್ಲಿ ಜಾಗವಿಲ್ಲ. ತಮ್ಮ ತಮ್ಮನವರಿಗೆ ಬಡಿಸಿದ್ದು ಬಹುಶಃ ಕೋಳಿಯ ನೂಡಲ್ಸು ಸಾರು ಇರಬೇಕು. ಆ ನೂಡಲ್ಸನ್ನು ಹೆಂಗಸರೆಲ್ಲ ಒಂದು ದಿನ ಕೂಡಿ ಮಾಡಿ ಒಣಗಿಸುತ್ತಾರೆ. ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಶ್ಯಾವಿಗೆ ಒಣಗುವ ದಿನವನ್ನು ನೆನೆಸಿಕೊಂಡರೆ ಸಾಕು. ಜನಸಂಖ್ಯೆ ನೂರೈವತ್ತರ ಆಸುಪಾಸಿಗೆ ಬಂದಾಗ ಕಾಲೊನಿ ಎರಡಾಗುತ್ತದೆ, ಅಡುಗೆಮನೆಯೂ ಎರಡಾಗುತ್ತದೆ.

ದಾಸೋಹಕ್ಕೂ ಇದಕ್ಕೂ ಇರುವ ಅಂತರ ಇಷ್ಟು. ದಾಸೋಹದಲ್ಲಿ ಕಾಯಕದಿಂದ ದುಡಿದದ್ದನ್ನು ಬಂದವರಿಗೆ ಬಡಿಸುವುದು ಮುಖ್ಯ. ಬಂದವನು ಯಾರು ಎಂದು ಕೇಳುವಂತಿಲ್ಲ, ಬಡಿಸುವವನ ಮನೆ, ಒಲೆ ಅವನದಾಗಿಯೇ ಉಳಿಯುತ್ತವೆ. ಕಲಬುರಗಿಯ ಶರಣಬಸವೇಶ್ವರರ ಹೆಸರು ಜನರ ಬಾಯಲ್ಲಿ ನಿಂತದ್ದೂ ಅನ್ನ ನೀಡಿದ ಕೈಯಿಂದಲೇ. ಹಟರೈಟರಲ್ಲಿ ಒಲೆಯೇ ಯಾರ ಸ್ವಂತದ್ದೂ ಅಲ್ಲ, ಆದರೆ ಆ ಊಟ ಮುಖ್ಯವಾಗಿ ಒಳಗಿನವರದು. ಹೊರಗಿನ ಅತಿಥಿಗೆ ಪ್ರೀತಿಯಿಂದಲೇ ಬಡಿಸುತ್ತಾರೆ. ಆದರೆ ಅವನಿಗಾಗಿ ಒಲೆ ಹೊತ್ತಿಲ್ಲ.

ಪ್ರಶ್ನೆ: ಆಮಿಶರು ಬಹಿಷ್ಕಾರ ಹಾಕಿದವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದಿಲ್ಲ ಎಂದು ಎಲ್ಲೋ ಓದಿದೆ. ನಿಜವೇ? ಹಾಗಿದ್ದರೆ ಅದು ನಮ್ಮ ಪಂಕ್ತಿಭೇದಕ್ಕಿಂತ ಹೇಗೆ ಬೇರೆ?
— ಶಹಾಪುರದ ಓದುಗರು

ಉತ್ತರ: ನಿಜ. 1693ರಲ್ಲಿ ಆಮನ್ ಉಳಿದವರಿಂದ ಬೇರೆಯಾದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಸಭೆಯಿಂದ ಹೊರಹಾಕಿದವನಿಗೆ ಪ್ರಭುಭೋಜನವನ್ನು, ಅಂದರೆ ಏಸುವಿನ ಕೊನೆಯ ಊಟದ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸವನ್ನು, ನಿಲ್ಲಿಸಿದರೆ ಸಾಕು ಎಂದು ಒಂದು ಪಕ್ಷ. ಮನೆಯ ಊಟವನ್ನೂ ನಿಲ್ಲಿಸಬೇಕು ಎಂದು ಆಮನ್. ಬೈಬಲ್ಲಿನಲ್ಲಿ ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ, ಅಂಥವನ ಸಂಗಡ ಊಟವನ್ನೂ ಮಾಡಬಾರದು ಎಂಬ ಮಾತು ಇದೆ. ಅದನ್ನು ಆಮನ್ ಅಕ್ಷರಕ್ಕೆ ಅಕ್ಷರವಾಗಿ ಹಿಡಿದ.

ಹುಟ್ಟಿನಿಂದ ಬಂದ ಭೇದ ಇದಲ್ಲ. ದೀಕ್ಷೆ ಪಡೆದು ಮಾತು ಕೊಟ್ಟು, ಆಮೇಲೆ ಮುರಿದವರಿಗೆ ಮಾತ್ರ ಇದು ಅನ್ವಯಿಸುತ್ತದೆ. ದೀಕ್ಷೆಯನ್ನೇ ಪಡೆಯದೆ ಊರು ಬಿಟ್ಟು ಹೋದ ಮಗ ಮನೆಗೆ ಬಂದರೆ ಎಲ್ಲರ ಜೊತೆ ಕೂತು ಉಣ್ಣಬಹುದು. ತಪ್ಪೊಪ್ಪಿಕೊಂಡು ಮರಳಿದರೆ ಬಹಿಷ್ಕಾರ ಹರಿಯುತ್ತದೆ. ಇಷ್ಟನ್ನು ಒಪ್ಪಿದ ಮೇಲೂ, ತಾಯಿ ತನ್ನ ಮಗಳಿಗೆ ಬೇರೆ ಮೇಜು ಹಾಕಬೇಕಾಗಿ ಬರುವುದು ಕಠಿಣ ಶಿಕ್ಷೆಯೇ, ಅದು ತಾಯಿಗೂ ಶಿಕ್ಷೆ. ಕೆಲವು ಮನೆಗಳಲ್ಲಿ ಎರಡು ಮೇಜುಗಳನ್ನು ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ಜೋಡಿಸಿ, ಎರಡರ ಮೇಲೂ ಒಂದೇ ಬಟ್ಟೆಯನ್ನು ಹಾಸಿಬಿಡುತ್ತಾರೆ. ಕಟ್ಟಳೆ ಮುರಿಯಲಿಲ್ಲ, ಸಂದೂ ಕಾಣಲಿಲ್ಲ. ಆ ಬಟ್ಟೆ ಹಾಸಿದ ಕೈಯನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ.

ಪ್ರಶ್ನೆ: ವಿದ್ಯುತ್ತು ಇಲ್ಲದೆಯೂ ಆಮಿಶ್ ಹೆಂಗಸರು ವರ್ಷವಿಡೀ ತರಕಾರಿಯನ್ನು ಗಾಜಿನ ಬಾಟಲಿಯಲ್ಲಿ ಕೆಡದಂತೆ ಇಡುತ್ತಾರಂತೆ. ನಮ್ಮ ಹೊಲದ ಹಸಿ ತೊಗರಿಕಾಯಿಯ ಕಾಳು, ಅವರೆಕಾಳುಗಳನ್ನು ಹಾಗೆ ಬಾಟಲಿಯಲ್ಲಿ ಕುದಿಸಿ ಮುಚ್ಚಿಟ್ಟು ಬೇಸಿಗೆಯ ತನಕ ಬಳಸಬಹುದೇ?
— ಕಲಬುರಗಿಯ ಓದುಗರು

ಉತ್ತರ: ದಯವಿಟ್ಟು ಮಾಡಬೇಡಿ. ಈ ಅಂಕಣದಲ್ಲಿ ನಾನು ಇಷ್ಟು ಖಡಾಖಂಡಿತವಾಗಿ ಬೇಡ ಎನ್ನುವುದು ಅಪರೂಪ, ಆದ್ದರಿಂದ ಕಾರಣವನ್ನು ವಿವರವಾಗಿ ಹೇಳುತ್ತೇನೆ.

ಮಣ್ಣಿನಲ್ಲಿ ಬೊಟುಲಿಸಂ ವಿಷವನ್ನು ಉಂಟುಮಾಡುವ ಒಂದು ಸೂಕ್ಷ್ಮಾಣುವಿನ ಬೀಜಕಣಗಳಿರುತ್ತವೆ. ನೀರು ಕುದಿಯುವ 100 ಡಿಗ್ರಿಯಲ್ಲಿ ಅವು ಸಾಯುವುದಿಲ್ಲ. ಗಾಳಿಯಾಡದ ಬಾಟಲಿ, ಹುಳಿಯಿಲ್ಲದ ಕಾಳು, ಕೋಣೆಯ ಶಾಖ, ಈ ಮೂರೂ ಕೂಡಿದರೆ ಅವಕ್ಕೆ ಹಬ್ಬ. ವಿಷವಾದ ಬಾಟಲಿಗೆ ಒಮ್ಮೊಮ್ಮೆ ವಾಸನೆಯಾಗಲಿ ಬಣ್ಣದ ವ್ಯತ್ಯಾಸವಾಗಲಿ ಇರುವುದಿಲ್ಲ. ತಿಂದವರ ನರಗಳು ಸೋತು ಉಸಿರೇ ನಿಲ್ಲಬಹುದು. ಹುಳಿ ಸಾಕಷ್ಟು ಇದ್ದರೆ, ಅಂದರೆ ಹುಳಿಯನ್ನು ಅಳೆಯುವ ಪಿಎಚ್ ಮಟ್ಟ 4.6ಕ್ಕಿಂತ ಕೆಳಗಿದ್ದರೆ, ಅವು ಬೆಳೆಯಲಾರವು. ಆದ್ದರಿಂದ ಸೇಬು, ಪ್ಲಮ್ಮು, ವಿನೆಗರ್ ಹಾಕಿದ ತರಕಾರಿಗಳನ್ನು ಕುದಿನೀರಿನಲ್ಲಿ ಮುಳುಗಿಸಿ ಮುಚ್ಚಿದರೆ ನಡೆಯುತ್ತದೆ. ಬೀನ್ಸು, ಬಟಾಣಿ, ಮಾಂಸಗಳಿಗೆ 116 ಡಿಗ್ರಿಯಷ್ಟು ಶಾಖವನ್ನು ನಿಗದಿತ ಹೊತ್ತು ಕೊಡಬೇಕು. ಅದಕ್ಕೆಂದೇ ಒತ್ತಡದ ಮಾಪಕವಿರುವ ದೊಡ್ಡ ಪಾತ್ರೆ ಬೇಕು. ನಮ್ಮ ಮನೆಯ ಕುಕ್ಕರಿನ ಸಿಳ್ಳೆಯ ಲೆಕ್ಕ ಇದಕ್ಕೆ ಸಲ್ಲದು.

ಇನ್ನೊಂದು ಭ್ರಮೆಯನ್ನೂ ಬಿಡಿಸಬೇಕು. ಈ ಗಾಜಿನ ಬಾಟಲಿ ಪುರಾತನವಾದದ್ದಲ್ಲ. ಅಮೆರಿಕದಲ್ಲಿ ತಿರುಪಿನ ಮುಚ್ಚಳದ ಬಾಟಲಿಗೆ ಜಾನ್ ಮೇಸನ್ ಪೇಟೆಂಟ್ ಪಡೆದದ್ದು 1858ರಲ್ಲಿ. ಆಮಿಶರು ಅದಕ್ಕಿಂತ ನೂರು ವರ್ಷ ಮೊದಲೇ ಪೆನ್ಸಿಲ್ವೇನಿಯಾದಲ್ಲಿದ್ದರು. ಆಗ ಅವರು ಸೇಬನ್ನು ಹೋಳು ಮಾಡಿ ಒಣಗಿಸುತ್ತಿದ್ದರು, ಕೋಸನ್ನು ಉಪ್ಪಿನಲ್ಲಿ ಹುಳಿಯಿಸುತ್ತಿದ್ದರು, ಮಾಂಸಕ್ಕೆ ಹೊಗೆ ಕೊಡುತ್ತಿದ್ದರು. ಒಣ ಸೇಬಿನ ಹೋಳಿಗೆ ಶ್ನಿಟ್ಸ್ ಎಂದು ಹೆಸರು. ಅದನ್ನು ಹಂದಿಮಾಂಸ, ಹಿಟ್ಟಿನ ಕಡುಬುಗಳ ಜೊತೆ ಬೇಯಿಸಿದ ಊಟ ಇಂದಿಗೂ ಅವರಲ್ಲಿ ಇದೆ. ಸೇಬಿನ ರಸವನ್ನು ಅಂಗಳದಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಬತ್ತಿಸಿ, ಹೋಳುಗಳನ್ನು ಹಾಕಿ, ಹೊಗೆ ಮುಖಕ್ಕೆ ಬಡಿಯದಿರಲೆಂದು ಮಾರುದ್ದದ ಹಿಡಿಕೆಯ ಹುಟ್ಟಿನಿಂದ ದಿನವಿಡೀ ತಿರುವಿ, ಕಪ್ಪಗೆ ಹೊಳೆಯುವ ಲೇಹ್ಯ ಮಾಡುತ್ತಾರೆ. ಬೀದರ ಜಿಲ್ಲೆಯ ಕಬ್ಬಿನ ಗಾಣದ ಮುಂದೆ ಬೆಲ್ಲದ ಪಾಕ ನೋಡುತ್ತ ನಿಂತವರಿಗೆ ಆ ಕೆಲಸದ ಬೆವರು ಗೊತ್ತು. ಬೆಣ್ಣೆಯ ಹನಿಯೂ ಇಲ್ಲದ ಈ ಲೇಹ್ಯವನ್ನು ಅವರು ಸೇಬಿನ ಬೆಣ್ಣೆ ಎನ್ನುತ್ತಾರೆ.

ವಿದ್ಯುತ್ತಿಲ್ಲ ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಹೊರಗಿನ ತಂತಿಯಿಂದ ಮನೆಗೆ ವಿದ್ಯುತ್ತು ಎಳೆಯುವುದು ಬೇಡ ಎಂಬುದು ಅವರ ನಿಯಮ. ಅನೇಕ ಆಮಿಶ್ ಮನೆಗಳಲ್ಲಿ ಗ್ಯಾಸಿನ ಒಲೆ, ಗ್ಯಾಸಿನಿಂದಲೇ ನಡೆಯುವ ಫ್ರಿಜ್ಜು ಇವೆ. ಅತಿ ಕಟ್ಟುನಿಟ್ಟಿನವರು ಮಾತ್ರ ಕಟ್ಟಿಗೆಯ ಒಲೆ, ಚಳಿಗಾಲದಲ್ಲಿ ಕೆರೆಯಿಂದ ಕೊಯ್ದು ತಂದ ಮಂಜುಗಡ್ಡೆಯಿಂದ ಕೆಲಸ ನಡೆಸುತ್ತಾರೆ.

ತಮ್ಮ ತೊಗರಿಯ ಮಾತಿಗೆ ಬಂದರೆ, ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ಒಣಗಿಸಿದ ಬೇಳೆಗೆ. ಒಣಗಿಸುವುದೇ ನಮ್ಮ ಬಿಸಿಲಿನ ಕಲೆ. ಹಸಿಕಾಳೇ ಬೇಕೆಂದರೆ ಎರಡು ನಿಮಿಷ ಕುದಿನೀರಿಗೆ ಹಾಕಿ ತೆಗೆದು, ಆರಿಸಿ, ಫ್ರೀಜರಿನಲ್ಲಿ ಇಡಿ.

ಪ್ರಶ್ನೆ: ಮೆನೊನೈಟರ ಬೋರ್ಷ್ಟ್ ಎಂದರೆ ಕೆಂಪು ಬೀಟ್‌ರೂಟ್ ಸಾರು ಎಂದುಕೊಂಡಿದ್ದೆ. ಬೀಟ್‌ರೂಟೇ ಇರುವುದಿಲ್ಲ ಎಂದು ಗೆಳತಿ ವಾದಿಸುತ್ತಾಳೆ. ಯಾರು ಸರಿ? ನಮ್ಮ ಪುಂಡಿ ಪಲ್ಲೆ ಹಾಕಿ ಮಾಡಬಹುದೇ?
— ಯಾದಗಿರಿಯ ಓದುಗರು

ಉತ್ತರ: ಗೆಳತಿಯೇ ಸರಿ. ಉಕ್ರೇನಿಯನ್ನರ ಹೆಸರುವಾಸಿ ಬೋರ್ಷ್ಟ್ ಕೆಂಪು. ಮೆನೊನೈಟರ ಮನೆಯದು ಸಾಮಾನ್ಯವಾಗಿ ಕೋಸುಗಡ್ಡೆಯದು. ದನದ ಮೂಳೆಯ ಸಾರಿನಲ್ಲಿ ಕೋಸು, ಆಲೂಗಡ್ಡೆ, ಉಳ್ಳಾಗಡ್ಡಿ, ಟೊಮೆಟೊ ಬೇಯಿಸಿ, ಮೆಣಸು, ಸಬ್ಬಸಿಗೆ ಸೊಪ್ಪು ಹಾಕಿ, ಕೊನೆಗೆ ಕೆನೆ ಬೆರೆಸುತ್ತಾರೆ. ಬೇಸಿಗೆಯಲ್ಲಿ ಮಾಡುವುದು ಇನ್ನೊಂದು ಬಗೆ: ಹಂದಿಯ ಹೊಗೆಮಾಂಸದ ಸಾರು, ಆಲೂಗಡ್ಡೆ, ಉಳ್ಳಾಗಡ್ಡಿಯ ಹಸಿರು ತಪ್ಪಲು, ಸಬ್ಬಸಿಗೆ, ಹುಳಿ ಎಲೆಯ ಒಂದು ಸೊಪ್ಪು, ಮೇಲೆ ಮಜ್ಜಿಗೆ.

ಆ ಹುಳಿ ಸೊಪ್ಪಿಗೆ ಪುಂಡಿಗಿಂತ ಹತ್ತಿರದ ನೆಂಟ ನಮ್ಮ ಸಂತೆಯಲ್ಲೇ ಇದೆ. ತೆಲಂಗಾಣದ ಗಡಿಯವರು ಚುಕ್ಕಾ ಎಂದು ಮಾರುವ ಹುಳಿ ಸೊಪ್ಪು ಅದೇ ಕುಲದ ಗಿಡ. ಪುಂಡಿ ದಾಸವಾಳದ ಬಳಗದ್ದು, ಹುಳಿ ಇನ್ನೂ ಬಿರುಸು, ಅದನ್ನು ಹಾಕಿದರೆ ಮಜ್ಜಿಗೆ ಬೇಕಾಗುವುದಿಲ್ಲ. ಚುಕ್ಕಾ ಹಾಕುವುದಾದರೂ ಒಲೆ ಆರಿಸಿದ ಮೇಲೆ, ಸಾರು ಸ್ವಲ್ಪ ಆರಿದಾಗ, ಕಡೆದ ಮಜ್ಜಿಗೆಯನ್ನು ತಿರುವುತ್ತ ಬೆರೆಸಬೇಕು. ಕುದಿಯುವಾಗ ಸುರಿದರೆ ಒಡೆದು ಗಂಟಾಗುತ್ತದೆ. ಮಾಂಸ ಬೇಡದವರು ಮೂಳೆಯ ಸಾರಿನ ಬದಲು ತೊಗರಿ ಬೇಳೆಯ ಕಟ್ಟನ್ನು ಬಳಸಬಹುದು. ಹೊಟ್ಟೆಗೆ ಹಿತವಾಗಿಯೇ ಇರುತ್ತದೆ. ಆದರೆ ಅದನ್ನು ಮೆನೊನೈಟ್ ಅಜ್ಜಿ ಬೋರ್ಷ್ಟ್ ಎನ್ನಲಾರಳು, ಯಾದಗಿರಿಯ ಅಜ್ಜಿ ಸಾರು ಎನ್ನಲಾರಳು.

ಪ್ರಶ್ನೆ: ನಮ್ಮ ಸಂಬಂಧಿಕರು ಮಹಬೂಬ್‌ನಗರದ ಕಡೆ ಇದ್ದಾರೆ. ಅಲ್ಲಿ ಮೆನೊನೈಟ್ ಹೆಸರಿನ ಚರ್ಚುಗಳಿವೆ. ಅವರೂ ಇದನ್ನೆಲ್ಲ ತಿನ್ನುತ್ತಾರೆಯೇ?
— ಗುರುಮಠಕಲ್‌ನ ಓದುಗರು

ಉತ್ತರ: ಇಲ್ಲ. ಅವರು ಉಣ್ಣುವುದು ಗಡಿಯ ಈಚೆ ತಾವು ಉಣ್ಣುವುದನ್ನೇ: ಜೋಳದ ರೊಟ್ಟಿ, ಬೇಳೆ, ಅನ್ನ, ಪುಂಡಿ, ಹಬ್ಬಕ್ಕೆ ಮಾಂಸ. ಮೆನೊನೈಟ್ ಬ್ರೆದರನ್ ಎಂಬ ಶಾಖೆಯವರು ರಷ್ಯಾದಿಂದ 1889ರಲ್ಲಿ ಹೊರಟು ನಲಗೊಂಡಕ್ಕೆ ಬಂದರು. 1899ರಲ್ಲಿ ಅಮೆರಿಕದಿಂದಲೂ ಬಂದರು. ಮಹಬೂಬ್‌ನಗರ, ಜಡ್ಚರ್ಲಾ ಕಡೆಯ ಆಸ್ಪತ್ರೆ, ಶಾಲೆ, ಚರ್ಚುಗಳು ಆ ಕಾಲದ ಕೆಲಸದಿಂದ ಬೆಳೆದವು. ಬಂದವರ ಜೊತೆ ಬೋಧನೆ ಬಂತು, ತ್ಸ್ವೀಬಾಕ್ ಬರಲಿಲ್ಲ. ಇಂದು ಜಗತ್ತಿನ 20 ಲಕ್ಷಕ್ಕೂ ಮಿಕ್ಕಿದ ಅನಾಬ್ಯಾಪ್ಟಿಸ್ಟರಲ್ಲಿ ಹೆಚ್ಚಿನವರು ಯುರೋಪು, ಉತ್ತರ ಅಮೆರಿಕಗಳ ಹೊರಗೇ ಇದ್ದಾರೆ ಎಂಬುದನ್ನು ಕುದುರೆಗಾಡಿಯ ಚಿತ್ರ ನೋಡುವವರು ಮರೆಯುತ್ತಾರೆ.

ರುಚಿ ಹರಿದದ್ದು ಉಲ್ಟಾ ದಿಕ್ಕಿಗೆ. 1922ರ ಕ್ಷಾಮದಲ್ಲಿ ಉಕ್ರೇನಿನ ಹಸಿದವರಿಗೆ ಗಂಜಿಕೇಂದ್ರ ನಡೆಸಿದ ಮೆನೊನೈಟ್ ಸೆಂಟ್ರಲ್ ಕಮಿಟಿ ಎಂಬ ಅವರ ಪರಿಹಾರ ಸಂಸ್ಥೆ, 1974ರಲ್ಲಿ ಜಗತ್ತಿನ ಆಹಾರ ಸಂಕಟವನ್ನು ಕಂಡು, ಊಟಕ್ಕೆ ಮಾಡುವ ಖರ್ಚನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಿ ಎಂದು ತನ್ನ ಜನರನ್ನು ಕೇಳಿಕೊಂಡಿತು. ಅದರ ಬೆನ್ನಿಗೆ 1976ರಲ್ಲಿ ಬಂದ ಅಡುಗೆ ಪುಸ್ತಕ ಕಡಿಮೆ ಮಾಂಸ, ಹೆಚ್ಚು ಕಾಳು ಎಂಬ ಪಾಠ ಹೇಳಿತು; ಹೊರದೇಶಗಳಲ್ಲಿ ಕೆಲಸ ಮಾಡಿ ಬಂದವರು ಕಲಿತ ಅಡುಗೆಗಳು ಅದರಲ್ಲಿ ಸೇರಿದವು. ಬೇಳೆ, ಅನ್ನದ ಊಟ ಕ್ಯಾನ್ಸಸ್‌ನ ರೈತರ ಮೇಜಿಗೆ ಬಂದ ದಾರಿಗಳಲ್ಲಿ ಅದೂ ಒಂದು.

ಪ್ರಶ್ನೆ: ಆಮಿಶರ ಮದುವೆಯಲ್ಲಿ ಏಳು ಸಿಹಿ, ಏಳು ಹುಳಿ ಬಡಿಸಲೇಬೇಕಂತೆ. ಹೌದೇ?
— ಚಿತ್ತಾಪುರದ ಓದುಗರು

ಉತ್ತರ: ಪ್ರವಾಸಿಗರ ಹೋಟೆಲುಗಳಲ್ಲಿ ಬಡಿಸುತ್ತಾರೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಜಿಲ್ಲೆಯ ಆಮಿಶ್ ಮದುವೆಗಳು ಸುಗ್ಗಿ ಮುಗಿದ ಮೇಲೆ, ಹೆಚ್ಚಾಗಿ ನವೆಂಬರಿನ ಮಂಗಳವಾರ, ಗುರುವಾರಗಳಲ್ಲಿ, ಮದುಮಗಳ ಮನೆಯಲ್ಲೇ ನಡೆಯುತ್ತವೆ. ಮುನ್ನೂರು, ನಾನ್ನೂರು ಜನರಿಗೆ ಊಟ. ಮುಖ್ಯ ಭಕ್ಷ್ಯ, ಬ್ರೆಡ್ಡಿನ ಚೂರಿನೊಂದಿಗೆ ಹುರಿದ ಕೋಳಿ. ಅದರ ಜೊತೆ ಬಿಡದೆ ಇರಬೇಕಾದದ್ದು ಸೆಲರಿ ಎಂಬ ಉದ್ದ ದಂಟಿನ ತರಕಾರಿ. ಕೆನೆಯಲ್ಲಿ ಬೇಯಿಸಿದ್ದು ಒಂದು, ಹೂದಾನಿಯಲ್ಲಿ ಹೂವಿನಂತೆ ನಿಲ್ಲಿಸಿದ್ದು ಇನ್ನೊಂದು. ಮದುವೆಯ ಸುದ್ದಿಯನ್ನು ಗುಟ್ಟಾಗಿ ಇಡುವುದು ಅವರ ರೂಢಿ, ಆದರೆ ಬೇಸಿಗೆಯಲ್ಲಿ ಯಾರ ಹಿತ್ತಲಿನಲ್ಲಿ ಸೆಲರಿಯ ಸಾಲು ಲೆಕ್ಕ ಮೀರಿ ಬೆಳೆದಿದೆ ಎಂದು ನೆರೆಯವರು ಬೇಲಿಯಾಚೆಯಿಂದಲೇ ನೋಡಿಕೊಂಡಿರುತ್ತಾರೆ.

ಪ್ರಶ್ನೆ: ಕಲ್ಲಂಗಡಿ ಹಣ್ಣನ್ನು ಎಣ್ಣೆಯಲ್ಲಿ ಕರಿದ ಹಿಟ್ಟಿನ ಜೊತೆ ತಿನ್ನುವವರೂ ಇದ್ದಾರೆಂದು ಮೊಮ್ಮಗ ಹೇಳಿದರೆ ನಾನು ನಂಬಲಿಲ್ಲ. ನಂಬಲೇ?
— ಆಳಂದದ ಓದುಗರು

ಉತ್ತರ: ನಂಬಿ. ರೋಲ್‌ಕೂಖೆನ್ ಎಂಬ ಆ ತಿಂಡಿ ರಷ್ಯಾದಿಂದ ಬಂದ ಮೆನೊನೈಟರ ಬೇಸಿಗೆಯ ಊಟ, ತಿಂಡಿಯಲ್ಲ, ಊಟವೇ. ಉಕ್ರೇನಿನ ಬಯಲಿನಲ್ಲಿ ಕಲ್ಲಂಗಡಿ ಬೆಳೆಯುವುದನ್ನು ಕಲಿತವರು ಕೆನಡಾದ ಚಳಿಯ ನೆಲದಲ್ಲೂ ಅದನ್ನು ಬಿಡಲಿಲ್ಲ. ಬಿಸಿಲಿನಲ್ಲಿ ದುಡಿದು ಬಂದವರಿಗೆ ಉಪ್ಪು, ಎಣ್ಣೆ, ತಣ್ಣನೆಯ ಸಿಹಿನೀರು ಮೂರೂ ಒಟ್ಟಿಗೆ ಸಿಗುತ್ತವೆ. ಮೈದಾಕ್ಕೆ ಉಪ್ಪು, ಕೆನೆ ಹಾಕಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ಲಟ್ಟಿಸಿ, ಅಂಗೈಯುದ್ದದ ಪಟ್ಟಿಗಳಾಗಿ ಕೊಯ್ದು, ನಡುವೆ ಒಂದು ಸೀಳು ಹಾಕಿ ಕರಿಯುತ್ತಾರೆ. ಅವರು ಮೊಟ್ಟೆಯನ್ನೂ ಸೇರಿಸುತ್ತಾರೆ. ಬೇಡವಾದರೆ ಒಂದು ಚಮಚ ಮೊಸರು ಹೆಚ್ಚು ಹಾಕಿ. ಸಕ್ಕರೆ ಹಾಕಬೇಡಿ, ಸಿಹಿಯ ಕೆಲಸ ಹಣ್ಣಿನದು. ಕರಿಯಲು ನಮ್ಮ ಕುಸುಬಿ ಎಣ್ಣೆಯೇ ಒಳ್ಳೆಯದು. ಹಣ್ಣನ್ನು ಹಿಂದಿನ ರಾತ್ರಿಯೇ ಒದ್ದೆ ಗೋಣಿಯಲ್ಲಿ ಸುತ್ತಿ ಇಡಿ. ಬಿಸಿ ಪಟ್ಟಿ ಒಂದು ಕೈಯಲ್ಲಿ, ತಣ್ಣನೆಯ ಹೋಳು ಇನ್ನೊಂದು ಕೈಯಲ್ಲಿ ಇರುವಾಗಲೇ ಅದರ ರುಚಿ. ಮೊಮ್ಮಗನನ್ನು ಮೊದಲು ಕೂರಿಸಿ.